ದೊರೆ ಬೈದ ದ್ರಾಕ್ಷಿ, ನೇಕಾರರ ತಿಂಡಿ: ಬೋಜೊಲೇ ವೈನಿನ ಕಥೆ

ಈ ಸಲದ ವಿಡಿಯೋ ಶುರುವಾಗಿದ್ದು ಪುಣೆಯ ಒಂದು ಹೋಟೆಲಿನಲ್ಲಿ, ನಮ್ಮ ಆಫೀಸಿನ ಟೀಮ್ ಡಿನ್ನರಿನ ದಿನ. ಫ್ರಾನ್ಸಿನ ಲಿಯೋನ್ ನಗರದಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಮೆನುವಿನಲ್ಲಿ ತಮ್ಮೂರ ಕಡೆಯ ವೈನಿನ ಹೆಸರು ಕಂಡು ಖುಷಿಯಾಗಿ ತರಿಸಿದರು. ಬೋಜೊಲೇ ಅಂತ. ಬಾಟಲಿ ಬಂದಮೇಲೆ ಐಸ್ ಬಕೆಟ್ ಕೇಳಿದರು. ಬಡಿಸುವವರು ನಯವಾಗಿಯೇ, "ಸರ್, ರೆಡ್ ವೈನನ್ನ ಐಸಲ್ಲಿ ಇಡೋದಿಲ್ಲ" ಅಂದರು. ನಮ್ಮ ಟೇಬಲ್ಲಿನಲ್ಲೇ ವೈನ್ ಬಗ್ಗೆ ನಾಲ್ಕು ಮಾತು ತಿಳಿದ ಒಬ್ಬರಿದ್ದರು. ಅವರು ನಗುತ್ತಾ, "ಬಿಡಿ, ಅದು ಲೈಟ್ ವೈನ್, ಸೀರಿಯಸ್ ಐಟಮ್ ಏನಲ್ಲ" ಅಂದುಬಿಟ್ಟರು.

ಲಿಯೋನಿನವರ ಮುಖ ಕೆಂಪಾಯಿತು. ಅವರು ಹೇಳಿದ್ದು ಇಷ್ಟೇ: "ನಮ್ಮಜ್ಜ ದಿನಾ ಊಟಕ್ಕೆ ಕುಡೀತಿದ್ದಿದ್ದು ಇದನ್ನೇ."

ನನಗೆ ಆ ರಾತ್ರಿ ನಿದ್ದೆ ಬರುವವರೆಗೂ ಅದೇ ಮಾತು. ಯಾರೋ ಅಜ್ಜ ದಿನಾ ಉಂಡಿದ್ದು 'ಸೀರಿಯಸ್' ಅಲ್ಲ ಅಂತ ತೀರ್ಮಾನ ಮಾಡಿದವರು ಯಾರು, ಯಾವಾಗ? ಹುಡುಕುತ್ತಾ ಹೋದರೆ ಮೊದಲ ತೀರ್ಪು ಸಿಕ್ಕಿದ್ದು 1395ರಲ್ಲಿ. ತೀರ್ಪು ಕೊಟ್ಟವನು ಒಬ್ಬ ದೊರೆ.

ಮೊದಲು ಜಾಗ ತಿಳಿದುಕೊಳ್ಳೋಣ. ಫ್ರಾನ್ಸಿನ ನಕ್ಷೆಯಲ್ಲಿ ಪೂರ್ವಕ್ಕೆ ಬನ್ನಿ. ಸೋನ್ ಮತ್ತು ರೋನ್ ಅನ್ನೋ ಎರಡು ನದಿ ಕೂಡುವ ಸಂಗಮದಲ್ಲಿ ಲಿಯೋನ್ ಇದೆ. ಅದರ ಉತ್ತರಕ್ಕೆ, ಸೋನ್ ನದಿಯ ಪಶ್ಚಿಮ ದಡದಾಚೆ, ಸುಮಾರು 55 ಕಿಲೋಮೀಟರ್ ಉದ್ದಕ್ಕೂ ಹಬ್ಬಿರುವ ಗುಡ್ಡಗಾಡೇ ಬೋಜೊಲೇ. ಬೋಜೋ ಅನ್ನೋ ಹಳೆಯ ಊರಿನಿಂದ ಬಂದ ಹೆಸರು. ಅದರಿಂದಲೂ ಉತ್ತರಕ್ಕೆ ಹೋದರೆ ಬರ್ಗಂಡಿ, ಅಂದರೆ ಇವತ್ತಿಗೂ ಜಗತ್ತಿನ ಅತ್ಯಂತ ದುಬಾರಿ ವೈನ್‌ಗಳ ಸೀಮೆ. ಅಲ್ಲಿನ ಕೆಂಪು ವೈನಿನ ದ್ರಾಕ್ಷಿ ಪಿನೋ ನ್ವಾರ್. ಬೋಜೊಲೇದ ದ್ರಾಕ್ಷಿ ಗಾಮೇ.

ಇನ್ನು ದೊರೆಯ ವಿಷಯ. ಬರ್ಗಂಡಿಯ ಡ್ಯೂಕ್, ಧೀರ ಫಿಲಿಪ್ ಅಂತ ಬಿರುದು ಇದ್ದವನು. 1348ರ ಮಹಾಮಾರಿ ಪ್ಲೇಗಿನ ನಂತರ ಹಳ್ಳಿಗಳಲ್ಲಿ ಕೆಲಸಕ್ಕೆ ಆಳೇ ಇರಲಿಲ್ಲ. ಪಿನೋ ಸೂಕ್ಷ್ಮ ಬೆಳೆ, ಇಳುವರಿ ಕಡಿಮೆ. ಗಾಮೇ ಹಾಗಲ್ಲ. ಬೇಗ ಹಣ್ಣಾಗುತ್ತೆ, ಗೊಂಚಲು ಗೊಂಚಲು ಬಿಡುತ್ತೆ. ರೈತ ಏನು ಮಾಡ್ತಾನೆ? ನೀವಾಗಿದ್ದರೂ ಅದನ್ನೇ ನೆಡುತ್ತಿದ್ದಿರಿ. ಆದರೆ ಡ್ಯೂಕನಿಗೆ ಬರ್ಗಂಡಿ ವೈನ್ ಅಂದರೆ ಬರೀ ಬೆಳೆಯಲ್ಲ, ರಾಜಕೀಯದ ಸರಕು. ಪ್ಯಾರಿಸ್ಸಿಗೆ, ಫ್ಲಾಂಡರ್ಸಿಗೆ, ಆವಿನ್ಯೋನಿನ ಪೋಪರ ಆಸ್ಥಾನಕ್ಕೆ ಹೋಗುವ ಗೌರವದ ಪದಾರ್ಥ. ಅದರ ಹೆಸರು ಕೆಟ್ಟರೆ ತನ್ನ ಹೆಸರೂ ಕೆಟ್ಟ ಹಾಗೆ. 1395ರಲ್ಲಿ ಅವನು ಆಜ್ಞೆ ಹೊರಡಿಸಿದ: ಗಾಮೇ ಬಳ್ಳಿಗಳನ್ನೆಲ್ಲ ಕಿತ್ತು ಹಾಕಿ. ಅದು ತುಂಬ ಕೆಟ್ಟ, ನಂಬಿಕೆಗೆ ಅನರ್ಹವಾದ ಗಿಡ, ಮನುಷ್ಯನ ಆರೋಗ್ಯಕ್ಕೆ ಹಾನಿ ಅಂತ ಕಾರಣವನ್ನೂ ಕೊಟ್ಟ. ಇಳುವರಿ ಹೆಚ್ಚಿಸೋಕೆ ತೋಟಕ್ಕೆ ಗೊಬ್ಬರ ಹಾಕೋದನ್ನೂ ನಿಷೇಧಿಸಿದ.

ಒಂದು ಗಿಡವನ್ನ 'ದ್ರೋಹಿ' ಅಂತ ಕರೆದ ಸರ್ಕಾರಿ ಆದೇಶ ಇನ್ನೆಲ್ಲಾದರೂ ಇದೆಯಾ, ನನಗಂತೂ ಕಂಡಿಲ್ಲ.

ಆಜ್ಞೆ ಪಾಲನೆಯಾಯಿತಾ? ಅವನ ಮೊಮ್ಮಗ, ಅವನ ಹೆಸರೂ ಫಿಲಿಪ್ಪೇ, ಮುಂದಿನ ಶತಮಾನದಲ್ಲಿ ಮತ್ತೆ ಇದೇ ಥರದ ಆಜ್ಞೆ ಹೊರಡಿಸಬೇಕಾಯಿತು. ಅಲ್ಲಿಗೆ ಮೊದಲನೆಯದು ಎಷ್ಟು ನಡೆಯಿತು ಅಂತ ನೀವೇ ಲೆಕ್ಕ ಹಾಕಿ. ನಮ್ಮಲ್ಲಿ ಒಂದೇ ಸುತ್ತೋಲೆ ಮೂರು ಸಲ ಬಂದರೆ ಏನರ್ಥವೋ ಅದೇ ಅರ್ಥ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನ ಸರಿ ಮಾಡಬೇಕು. ಇಂಟರ್ನೆಟ್ಟಿನಲ್ಲಿ ಎಲ್ಲಿ ಓದಿದರೂ "ಡ್ಯೂಕ್ ಗಾಮೇಯನ್ನ ಬರ್ಗಂಡಿಯಿಂದ ಓಡಿಸಿದ, ಅದು ಬೋಜೊಲೇಗೆ ಬಂದು ನೆಲೆಸಿತು" ಅನ್ನೋ ಕಥೆ ಸಿಗುತ್ತೆ. ಕೇಳೋಕೆ ಚೆನ್ನಾಗಿದೆ, ವನವಾಸದ ಕಥೆಯ ಥರ. ಆದರೆ ಇತಿಹಾಸ ಅಷ್ಟು ಸಲೀಸಾಗಿ ನಡೆಯಲಿಲ್ಲ. ಬೋಜೊಲೇ ಆ ಡ್ಯೂಕನ ರಾಜ್ಯವೇ ಆಗಿರಲಿಲ್ಲ. ಅದು ಬೋಜೋ ಮನೆತನದ ಪ್ರತ್ಯೇಕ ಸಂಸ್ಥಾನ, 1400ರಲ್ಲಿ ಬೂರ್ಬೋಂ ಮನೆತನದ ಕೈಗೆ ಹೋಯಿತು. ಅಂದರೆ ಆಜ್ಞೆ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಬೋಜೊಲೇದಲ್ಲಿ ವೈನ್ ದೊಡ್ಡ ಕಸುಬಾಗಿ ಬೆಳೆದಿದ್ದು ಇನ್ನೂ ಇನ್ನೂರು ಮುನ್ನೂರು ವರ್ಷ ಆದಮೇಲೆ, 17-18ನೇ ಶತಮಾನದಲ್ಲಿ. ಅದಕ್ಕೆ ಕಾರಣ ದೊರೆಯ ಸಿಟ್ಟಲ್ಲ, ಲಿಯೋನಿನ ಬಾಯಾರಿಕೆ.

ಲಿಯೋನಿಗೆ ಹೋಗುವ ಮೊದಲು ಇನ್ನೊಂದು ಮಾತು ಹೇಳಿಬಿಡ್ತೀನಿ, ಇದು ನನಗೆ ತುಂಬ ಇಷ್ಟ. 1999ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ಸಂಶೋಧಕರು ಈ ಭಾಗದ ದ್ರಾಕ್ಷಿ ತಳಿಗಳ ಡಿಎನ್‌ಎ ಪರೀಕ್ಷೆ ಮಾಡಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಮೇಯ ಒಂದು ಕಡೆಯ ಹೆತ್ತವರು ಯಾರು ಗೊತ್ತಾ? ಡ್ಯೂಕ್ ತಲೆ ಮೇಲೆ ಹೊತ್ತುಕೊಂಡಿದ್ದ ಅದೇ ಪಿನೋ. ಇನ್ನೊಂದು ಕಡೆ ಗುಎ ಬ್ಲಾಂ ಅನ್ನೋ ಬಿಳಿ ದ್ರಾಕ್ಷಿ, ಬಡ ರೈತರು ಬೆಳೆಯುತ್ತಿದ್ದ, ಯಾರೂ ಲೆಕ್ಕಕ್ಕೇ ಇಡದ ತಳಿ. ತಮಾಷೆ ಏನಂದರೆ ಇದೇ ಜೋಡಿಗೆ ಹುಟ್ಟಿದ ಇನ್ನೊಂದು ತಳಿ ಶಾರ್ದೊನೇ, ಇವತ್ತು ಜಗತ್ತಿನ ರಾಣಿ ಅನ್ನಿಸಿಕೊಂಡಿರುವ ಬಿಳಿ ದ್ರಾಕ್ಷಿ. ಒಡಹುಟ್ಟಿದವರಲ್ಲಿ ಒಬ್ಬರು ಅರಮನೆಗೆ, ಇನ್ನೊಬ್ಬರು ಗುಡ್ಡಕ್ಕೆ.

ಗುಡ್ಡ ಮಾತ್ರ ಗಾಮೇಗೆ ಒಗ್ಗಿತು. ಬೋಜೊಲೇಯ ಉತ್ತರ ಭಾಗ ಗ್ರಾನೈಟ್ ನೆಲ, ಬಡ ಮಣ್ಣು. ಬರ್ಗಂಡಿಯ ಸುಣ್ಣಕಲ್ಲಿನ ಫಲವತ್ತಾದ ಜಾಗದಲ್ಲಿ ಗಾಮೇ ಬೇಕಾಬಿಟ್ಟಿ ಕಾಯಿ ಬಿಟ್ಟು ನೀರು ನೀರಾಗುತ್ತಿತ್ತು. ಇಲ್ಲಿ ಹಿಡಿತಕ್ಕೆ ಬಂತು. ಹಾಗಾಗಿ ಡ್ಯೂಕ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅವನ ನೆಲಕ್ಕೆ ಆ ಗಿಡ ಸರಿಯಿರಲಿಲ್ಲ. ತಪ್ಪಾಗಿದ್ದು ಒಂದು ಜಾಗದ ತೀರ್ಪನ್ನ ಗಿಡದ ಹಣೆಬರಹ ಅಂತ ಬರೆದಿದ್ದರಲ್ಲಿ.

ತೋಟ ಮಾಡುತ್ತಿದ್ದವರು ಬಹುಪಾಲು ವಾರಕ್ಕೆ ಮಾಡುವವರು. ಜಮೀನು ಲಿಯೋನಿನ ಸಾಹುಕಾರರದ್ದು, ಬೆವರು ಇವರದ್ದು, ಬೆಳೆಯಲ್ಲಿ ಅರ್ಧರ್ಧ. ಹೀಗೆ ತಯಾರಾದ ವೈನ್ ಸೋನ್ ನದಿಯಲ್ಲಿ ದೋಣಿ ಹತ್ತಿ ಲಿಯೋನಿಗೆ ಇಳಿಯುತ್ತಿತ್ತು. 1642ರಲ್ಲಿ ಬ್ರಿಯಾರ್ ಕಾಲುವೆ ತೆರೆದ ಮೇಲೆ ಇನ್ನೊಂದು ದಾರಿ ಸಿಕ್ಕಿತು. ಪಶ್ಚಿಮದ ಬೆಟ್ಟ ದಾಟಿಸಿ ಲ್ವಾರ್ ನದಿಗೆ ತಂದರೆ ಅಲ್ಲಿಂದ ನೀರಿನ ದಾರಿಯಲ್ಲೇ ಪ್ಯಾರಿಸ್. ಆದರೂ ಮನೆಯ ಗಿರಾಕಿ ಅಂದರೆ ಲಿಯೋನೇ. ಆ ಊರಿಗೆ ಎರಡಲ್ಲ, ಮೂರು ನದಿ, ರೋನ್, ಸೋನ್, ಬೋಜೊಲೇ ಅನ್ನೋ ಚಟಾಕಿ ಇವತ್ತಿಗೂ ಅಲ್ಲಿ ಚಾಲ್ತಿಯಲ್ಲಿದೆ.

ನಡುವೆ ಒಂದು ಅಡುಗೆಮನೆಯ ಕಥೆ. 19ನೇ ಶತಮಾನದ ಮೊದಲ ಭಾಗದಲ್ಲಿ ಒಂದು ಹುಳ ಬೋಜೊಲೇಯ ತೋಟಗಳನ್ನ ಬೋಳು ಮಾಡುತ್ತಿತ್ತು. ರೊಮಾನೆಶ್ ಅನ್ನೋ ಊರಿನಲ್ಲಿ ಬೆನ್ವಾ ರಾಕ್ಲೇ ಅನ್ನುವವನ ಮನೆಗೋಡೆಯ ಪಕ್ಕದ ಒಂದು ಬಳ್ಳಿ ಮಾತ್ರ ಹಚ್ಚಗೆ ನಿಂತಿತ್ತು. ಯಾಕೆ ಅಂತ ನೋಡಿದರೆ, ಪಾತ್ರೆ ತೊಳೆದ ಬಿಸಿನೀರು ಬಚ್ಚಲಿಂದ ಹರಿದು ಅದರ ಬುಡಕ್ಕೆ ಬೀಳುತ್ತಿತ್ತು. ಚಳಿಗಾಲದಲ್ಲಿ ಬಳ್ಳಿಗೆ ಬಿಸಿನೀರು ಹುಯ್ದರೆ ತೊಗಟೆಯೊಳಗಿನ ಮರಿ ಸಾಯುತ್ತೆ ಅಂತ ಅವನು ಕಂಡುಕೊಂಡ. ಊರವರು ಮೊದಮೊದಲು ಅವನನ್ನ ನೋಡಿ ನಕ್ಕರು. ಆಮೇಲೆ ಊರೂರಲ್ಲೂ ತೋಟದ ಮಧ್ಯ ಹಂಡೆ ಒಲೆ ಹೊತ್ತಿತು. ಅವನ ಹೆಸರಿನಲ್ಲಿ ಅಲ್ಲಿ ಈಗಲೂ ಅಕ್ಟೋಬರಿನಲ್ಲಿ ಹಬ್ಬ ನಡೆಯುತ್ತೆ. ಅದಾದಮೇಲೆ ಫಿಲಾಕ್ಸೆರಾ ಅನ್ನೋ ಬೇರು ಹೇನು ಬಂದು ಇಡೀ ಫ್ರಾನ್ಸಿನ ದ್ರಾಕ್ಷಿ ನೆಲಕಚ್ಚಿತು. ಆಗ ಅಮೆರಿಕದ ಬೇರಿಗೆ ಕಸಿ ಕಟ್ಟಬೇಕು ಅಂತ ಹಟ ಹಿಡಿದವರಲ್ಲಿ ಒಬ್ಬ ಇದೇ ಬೋಜೊಲೇಯ ಶಿರೂಬ್ಲ್ ಊರಿನ ವಿಕ್ಟರ್ ಪುಲ್ಯಾ. ಅವನದ್ದೇ ಒಂದು ವಿಡಿಯೋ ಆಗುತ್ತೆ, ಸದ್ಯ ಬಿಡೋಣ.

ಈಗ ಊಟಕ್ಕೆ ಬರೋಣ. ಲಿಯೋನ್ ರೇಷ್ಮೆಯ ಊರು. ಕ್ರ್ವಾ-ರೂಸ್ ಅನ್ನೋ ಗುಡ್ಡದ ಮೇಲೆ, ಎತ್ತರದ ಚಾವಣಿಯ ಮನೆಗಳಲ್ಲಿ, ಮಗ್ಗದ ಸದ್ದು ನಿಲ್ಲುತ್ತಲೇ ಇರಲಿಲ್ಲ. ಈ ನೇಕಾರರಿಗೆ 'ಕನ್ಯೂ' ಅಂತ ಹೆಸರು. ನಮ್ಮ ಸಾಫ್ಟ್‌ವೇರ್ ಮಂದಿಗೆ ಇವರು ಒಂಥರಾ ಹಿರೀಕರು. ಜಕಾರ್ಡ್ ಮಗ್ಗ, ತೂತು ಕೊರೆದ ಕಾರ್ಡಿನಿಂದ ವಿನ್ಯಾಸ ನೇಯುವ ಯಂತ್ರ, ಹುಟ್ಟಿದ್ದು ಈ ಊರಿನಲ್ಲೇ. ಅದನ್ನ ನೋಡಿಯೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಕಾರ್ಡ್ ಹಾಕುವ ಯೋಚನೆ ಮಾಡಿದ್ದು. ಇವತ್ತು ನಾವು ಬರೆಯುವ ಕೋಡಿನ ಮುತ್ತಜ್ಜ ಒಂದು ಸೀರೆಯಂಚಿನ ಪ್ಯಾಟರ್ನ್ ಅನ್ನಬಹುದು.

ಆ ನೇಕಾರರ ಬದುಕು ಮಾತ್ರ ರೇಷ್ಮೆಯಂತಿರಲಿಲ್ಲ. ಗಜ ಲೆಕ್ಕದಲ್ಲಿ ಕೂಲಿ. ಕೂಲಿಗೆ ಒಂದು ಕನಿಷ್ಠ ದರ ಬೇಕು ಅಂತ 1831ರಲ್ಲಿ ಬೀದಿಗಿಳಿದರು, 1834ರಲ್ಲಿ ಮತ್ತೆ ಇಳಿದರು, ಎರಡೂ ಸಲ ಸೈನ್ಯ ಬಂತು. ಇವರು ನಸುಕಿನಿಂದ ಮಗ್ಗದ ಮುಂದೆ ಕೂತು, ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೊಟ್ಟೆ ತುಂಬ ತಿನ್ನುತ್ತಿದ್ದ ತಿಂಡಿಯೇ 'ಮಾಶೋಂ' ಅಂತ ಲಿಯೋನಿನವರು ಹೇಳುತ್ತಾರೆ. ತಿಂಡಿ ಅಂದರೆ ಬ್ರೆಡ್ಡು ಜಾಮಲ್ಲ. ಹಂದಿಮಾಂಸದ ಸಾಸೇಜು, ಕುರುಕಲು ಕೊಬ್ಬು, ಹಸುವಿನ ಬೋಟಿ, ಸೊಪ್ಪಿನ ಮೇಲೆ ಮೊಟ್ಟೆ, ಬೇಯಿಸಿದ ಬೇಳೆ, ಸಾಂ-ಮಾರ್ಸೆಲಾಂ ಅನ್ನೋ ಮೆತ್ತನೆಯ ಚೀಸು. ಜತೆಗೆ ತಳ ದಪ್ಪಗಿರುವ ಗಾಜಿನ ಬಾಟಲಿಯಲ್ಲಿ ಬೋಜೊಲೇ. ಆ ಬಾಟಲಿಗೆ 'ಪೋ' ಅಂತಾರೆ, 46 ಸೆಂಟಿಲೀಟರ್ ಹಿಡಿಯುತ್ತೆ. ದೊಡ್ಡವರ ಊಟದಲ್ಲಿ ಮಿಕ್ಕ ಭಾಗಗಳಿಂದ ಕಟ್ಟಿದ ತಟ್ಟೆ ಇದು. ತಲೆ, ಕರುಳು, ಕಾಲು, ಏನು ಅಗ್ಗಕ್ಕೆ ಸಿಗುತ್ತೋ ಅದು.

ಸಸ್ಯಾಹಾರಿಗಳು ಮುಖ ತಿರುಗಿಸಬೇಡಿ, ನಿಮಗೂ ಒಂದಿದೆ. 'ಸೆರ್ವೆಲ್ ದ ಕನ್ಯೂ', ಅಕ್ಷರಶಃ 'ನೇಕಾರನ ಮಿದುಳು'. ಹೆಸರು ಕೇಳಿ ಹೆದರಬೇಡಿ. ನೀರು ಬಸಿದ ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಸಣ್ಣ ಈರುಳ್ಳಿ, ಸೊಪ್ಪು, ಮೆಣಸು, ಎಣ್ಣೆ, ಒಂಚೂರು ವಿನೆಗರ್ ಕಲಸಿದ್ದು. ನಮ್ಮ ಮೊಸರು ಬಜ್ಜಿಯ ದೂರದ ದಾಯಾದಿ ಅನ್ನಿ. ಹೆಸರನ್ನ ಮಾತ್ರ ಯಾರೋ ನೇಕಾರರನ್ನ ಗೇಲಿ ಮಾಡೋಕೆ ಇಟ್ಟಂತಿದೆ. ಊರು ಅದನ್ನೇ ಅಭಿಮಾನದ ತಿಂಡಿ ಮಾಡಿಕೊಂಡಿತು.

ಇಂಥ ಜಿಡ್ಡಿನ, ಉಪ್ಪಿನ ಊಟಕ್ಕೆ ಈ ವೈನೇ ಯಾಕೆ ಹೊಂದಿತು? ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಕೆಂಪು ವೈನಿನಲ್ಲಿ ಟ್ಯಾನಿನ್ ಅನ್ನೋದು ಇರುತ್ತೆ, ದ್ರಾಕ್ಷಿಯ ಸಿಪ್ಪೆ ಬೀಜಗಳಿಂದ ಬರೋದು. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ಇದೆ: ಒಗರು. ನೇರಳೆ ಹಣ್ಣು ತಿಂದಾಗ, ಕಡು ಚಹಾ ಕುಡಿದಾಗ ನಾಲಿಗೆ ಹಿಡಿದ ಹಾಗಾಗುತ್ತಲ್ಲ, ಅದು. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತೆ, ಬಾಯಿ ಒಣಗುತ್ತೆ. ಗಾಮೇಯಲ್ಲಿ ಒಗರು ಕಡಿಮೆ, ಹುಳಿ ಚುರುಕು. ಹುಳಿ ಜಿಡ್ಡನ್ನ ಕತ್ತರಿಸುತ್ತೆ, ಬಜ್ಜಿ ಮೇಲೆ ನಿಂಬೆ ಹಿಂಡಿದ ಹಾಗೆ. ಒಗರು ಇಲ್ಲದ ಕಾರಣ ತಣ್ಣಗೆ ಕುಡಿದರೂ ಕಹಿಯಾಗೋದಿಲ್ಲ. ಒಗರಿನ ವೈನನ್ನ ತಣ್ಣಗೆ ಮಾಡಿ ನೋಡಿ, ಬಾಯಿ ಕಟ್ಟಿಹೋಗುತ್ತೆ.

ತಯಾರಿಸುವ ರೀತಿಯೂ ಇದಕ್ಕೆ ಕಾರಣ. ಸಾಮಾನ್ಯವಾಗಿ ದ್ರಾಕ್ಷಿ ಜಜ್ಜಿ ಹುದುಗಿಸುತ್ತಾರೆ. ಬೋಜೊಲೇದಲ್ಲಿ ಗೊಂಚಲನ್ನ ಹಾಗೇ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ಅದಕ್ಕೇ ಅಲ್ಲಿ ಕೈಯಲ್ಲೇ ಕೊಯ್ಯಬೇಕು. ತಳದ ಹಣ್ಣು ಭಾರಕ್ಕೆ ಒಡೆದು ಹುದುಗುತ್ತೆ, ಇಂಗಾಲದ ಡೈಆಕ್ಸೈಡ್ ಎದ್ದು ತೊಟ್ಟಿ ತುಂಬುತ್ತೆ. ಗಾಳಿ ಸಿಗದ ಮೇಲಿನ ಹಣ್ಣುಗಳು ಒಡೆಯದೆ ಇದ್ದ ಹಾಗೇ, ತಮ್ಮದೇ ಕಿಣ್ವಗಳಿಂದ, ಒಳಗೊಳಗೇ ಹುದುಗೋಕೆ ಶುರುಮಾಡುತ್ತವೆ. ಹೀಗಾಗಿ ಹಣ್ಣಿನ ಘಮ ಉಳಿಯುತ್ತೆ, ಸಿಪ್ಪೆಯ ಒಗರು ಅಷ್ಟಾಗಿ ಇಳಿಯೋದಿಲ್ಲ.

ಆಮೇಲೆ ನೇಕಾರರ ಈ ತಟ್ಟೆ ದೊಡ್ಡವರ ಮೇಜಿಗೂ ಹತ್ತಿತು, ಅದನ್ನ ಹತ್ತಿಸಿದವರು ಹೆಂಗಸರು. ಸಾಹುಕಾರರ ಮನೆಗಳಲ್ಲಿ ಅಡುಗೆಗಿದ್ದವರು ಹೊರಬಂದು ತಮ್ಮದೇ ಪುಟ್ಟ ಊಟದ ಮನೆಗಳನ್ನ ತೆರೆದರು. ಊರು ಅವರನ್ನ 'ಮೇರ್', ಅಂದರೆ ಅಮ್ಮ ಅಂತಲೇ ಕರೆಯಿತು. ನಮ್ಮ ಖಾನಾವಳಿಯ ಅಕ್ಕಂದಿರ ಹಾಗೆ. ಗಿರಣಿ ಕಾರ್ಮಿಕರಿಗೆ ಡಬ್ಬಿ ಕಟ್ಟಿದ ಮುಂಬೈಯ ಹೆಂಗಸರನ್ನ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅವರಲ್ಲಿ ಯುಜೆನಿ ಬ್ರಾಜಿಯೇ ಅನ್ನೋ ಹಳ್ಳಿ ಹೆಣ್ಣುಮಗಳು 1921ರಲ್ಲಿ ಲಿಯೋನಿನಲ್ಲಿ ಹೋಟೆಲ್ ತೆರೆದಳು. 1933ರಲ್ಲಿ ಅವಳ ಎರಡು ಹೋಟೆಲಿಗೂ ಮಿಷಲಿನ್ ಗೈಡ್ ಮೂರು ಮೂರು ನಕ್ಷತ್ರ ಕೊಟ್ಟಿತು. ಅಷ್ಟು ಆವರೆಗೆ ಯಾರಿಗೂ ಬಂದಿರಲಿಲ್ಲ, ಗಂಡಸರಿಗೂ. ಮುಂದೆ ಜಗತ್ಪ್ರಸಿದ್ಧನಾದ ಪಾಲ್ ಬೊಕ್ಯೂಸ್ ಕೆಲಸ ಕಲಿತವರ ಪಟ್ಟಿಯಲ್ಲಿ ಅವಳ ಅಡುಗೆಮನೆಯೂ ಇದೆ.

ಹಾಗಾದರೆ 'ಸೀರಿಯಸ್ ಅಲ್ಲ' ಅನ್ನೋ ಮಾತು ಮತ್ತೆ ಯಾಕೆ ಬಂತು? ಇದಕ್ಕೆ ಬೋಜೊಲೇಯವರ ಪಾಲೂ ಇದೆ, ಅದನ್ನ ಮುಚ್ಚಿಡಬಾರದು. ಸುಗ್ಗಿ ಮುಗಿದ ಕೂಡಲೇ ಆ ವರ್ಷದ ಎಳೆ ವೈನನ್ನ ಲಿಯೋನಿನಲ್ಲಿ ಕುಡಿಯೋದು ಹಳೇ ರೂಢಿ, ಹೊಸ ಬೆಲ್ಲ ಬಂದಾಗ ನಾವು ರುಚಿ ನೋಡುವ ಹಾಗೆ. 1951ರಲ್ಲಿ ಸರ್ಕಾರ ವೈನುಗಳನ್ನ ಡಿಸೆಂಬರ್ 15ಕ್ಕಿಂತ ಮೊದಲು ಮಾರುವ ಹಾಗಿಲ್ಲ ಅಂದಿತು. ಬೆಳೆಗಾರರು ಗಲಾಟೆ ಮಾಡಿದರು, ನವೆಂಬರಿನಲ್ಲೇ ವಿನಾಯಿತಿ ಸಿಕ್ಕಿತು. 'ಬೋಜೊಲೇ ನೂವೋ', ಅಂದರೆ ಹೊಸ ಬೋಜೊಲೇಯ ಅಧಿಕೃತ ಹುಟ್ಟು ಅದು. ಇದನ್ನ ಜಗತ್ತಿನ ಹಬ್ಬ ಮಾಡಿದವನು ಜಾರ್ಜ್ ದ್ಯುಬೋಫ್ ಅನ್ನೋ ವ್ಯಾಪಾರಿ. ಹೂವಿನ ಲೇಬಲ್, ಪೋಸ್ಟರು, ಪ್ಯಾರಿಸ್ಸಿಗೆ ಮೊದಲು ಯಾರು ಮುಟ್ಟಿಸ್ತಾರೆ, ಲಂಡನ್ನಿಗೆ ಯಾರು ಅನ್ನೋ ಪಂದ್ಯ. 1985ರಿಂದ ನವೆಂಬರಿನ ಮೂರನೇ ಗುರುವಾರ ಬಿಡುಗಡೆ ಅಂತ ನಿಗದಿಯಾಯಿತು. ಜಪಾನಿನಲ್ಲಂತೂ ಹುಚ್ಚು. ಅಲ್ಲಿ ಸೂರ್ಯ ಮೊದಲು ಹುಟ್ಟೋದರಿಂದ ಫ್ರಾನ್ಸಿಗಿಂತ ಮುಂಚೆಯೇ ಅಲ್ಲಿ ಬಾಟಲಿ ತೆರೆಯುತ್ತೆ!

ರೈತನ ದೃಷ್ಟಿಯಿಂದ ನೋಡಿ. ಕೊಯ್ಲಾದ ಎರಡು ತಿಂಗಳೊಳಗೆ ಕೈಗೆ ದುಡ್ಡು. ನಾನು ಆ ಜಾಗದಲ್ಲಿದ್ದರೆ ಬೇಡ ಅನ್ನುತ್ತಿದ್ದೆನಾ? ಖಂಡಿತ ಇಲ್ಲ. ಆದರೆ ಬೇಡಿಕೆ ಏರಿದಂತೆ ಇಳುವರಿ ಹಿಗ್ಗಿತು, ಕೆಲವು ತೊಟ್ಟಿಗಳಲ್ಲಿ ಅವಸರದ ಹುದುಗು, ಬೇಕಾದ ಘಮ ಬರುವ ಯೀಸ್ಟು. ಎಲ್ಲ ಬಾಟಲಿಯೂ ಬಾಳೆಹಣ್ಣಿನ, ಬಬಲ್ ಗಮ್ಮಿನ ವಾಸನೆ ಹೊಡೆಯೋಕೆ ಶುರುವಾಯಿತು. ಜನ ಬೋಜೊಲೇ ಅಂದರೆ ಇದೇ ಅಂದುಕೊಂಡರು. 2001ರ ಹೊತ್ತಿಗೆ ಮಾರುಕಟ್ಟೆ ಕುಸಿದು, ಅಪಾರ ಪ್ರಮಾಣದ ವೈನನ್ನ ಬಟ್ಟಿ ಇಳಿಸಬೇಕಾಯಿತು. 2002ರಲ್ಲಿ ಲಿಯೋನಿನ ಒಂದು ಪತ್ರಿಕೆಯಲ್ಲಿ ವಿಮರ್ಶಕರೊಬ್ಬರು ಬೋಜೊಲೇಯನ್ನ ಇಲ್ಲಿ ಬರೆಯಲಾಗದ ಪದದಿಂದ ಕರೆದರು, ವಿಸರ್ಜನೆಗೆ ಸಂಬಂಧಿಸಿದ ಪದ. ಬೆಳೆಗಾರರು ಕೋರ್ಟಿಗೆ ಹೋದರು. ಬೋಜೊಲೇಯದ್ದೇ ಊರಾದ ವಿಲ್‌ಫ್ರಾಂಶಿನ ಕೋರ್ಟು ಪತ್ರಿಕೆಗೆ ಭಾರೀ ಮೊತ್ತ ಕಟ್ಟಿ ಅಂತು. ಕೊನೆಗೆ 2005ರಲ್ಲಿ ಫ್ರಾನ್ಸಿನ ಅತ್ಯುಚ್ಚ ನ್ಯಾಯಾಲಯ ಆ ತೀರ್ಪನ್ನ ರದ್ದು ಮಾಡಿತು. ನನ್ನ ಪ್ರಕಾರ ಆ ಕೋರ್ಟು ಮಾಡಿದ್ದು ಸರಿ. ರುಚಿ ಕೆಟ್ಟಿದೆ ಅನ್ನೋ ಸ್ವಾತಂತ್ರ್ಯ ಇರಬೇಕು. ಆದರೆ ಆ ಬೈಗುಳ ಸಾಹುಕಾರನಿಗಿಂತ ಹೆಚ್ಚಾಗಿ ತಗುಲಿದ್ದು ಗುಡ್ಡದ ಮೇಲೆ ಬಗ್ಗಿ ಗೊಂಚಲು ಕೊಯ್ಯುವವನಿಗೆ. ಒಂದು ಕಾಲಕ್ಕೆ 20,000 ಹೆಕ್ಟೇರಿಗೂ ಮೇಲಿದ್ದ ತೋಟ ಇವತ್ತು 15,000ಕ್ಕಿಂತ ಕೆಳಗಿಳಿದಿದೆ. ಎಷ್ಟೋ ಮನೆಗಳು ಬಳ್ಳಿ ಕಿತ್ತವು. ಈ ಸಲ ಯಾವ ಡ್ಯೂಕನ ಆಜ್ಞೆಯೂ ಬೇಕಾಗಲಿಲ್ಲ.

ಅದೇ ಗದ್ದಲದ ವರ್ಷಗಳಲ್ಲಿ ಇನ್ನೊಂದು ಸಣ್ಣ ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಜೂಲ್ ಶೋವೇ (1907-1989) ಅನ್ನುವವರು ವೈನ್ ವ್ಯಾಪಾರಿ, ಜತೆಗೆ ರಸಾಯನ ಬಲ್ಲವರು. ಒಳ್ಳೆ ಹಣ್ಣು, ತೋಟದ್ದೇ ಯೀಸ್ಟು, ಗಂಧಕ ಆದಷ್ಟು ಕಡಿಮೆ, ಸಕ್ಕರೆ ಬೇಡ ಅಂತ ಅವರ ವಾದ. ಅವರ ಮಾತು ಕೇಳಿ ಮಾರ್ಸೆಲ್ ಲಾಪಿಯೇರ್, ಜಾನ್ ಫೊಯಾರ್ ಮುಂತಾದ ಮೋರ್ಗೋಂ ಊರಿನ ಬೆಳೆಗಾರರು ಹಳೇ ಬಳ್ಳಿ ಉಳಿಸಿಕೊಂಡು ನಿಧಾನದ ವೈನ್ ಮಾಡಿದರು. ಇವತ್ತು 'ನ್ಯಾಚುರಲ್ ವೈನ್' ಅಂತ ಮುಂಬೈಯ ಬಾರುಗಳಲ್ಲೂ ಕೇಳುವ ಫ್ಯಾಷನ್ನಿನ ಒಂದು ಬೇರು ಈ ಗುಡ್ಡದಲ್ಲಿದೆ. ಆದರೆ ಅವರ ಬಾಟಲಿಗಳ ಬೆಲೆ ಈಗ ನೇಕಾರನ ಮೊಮ್ಮಗನಿಗೂ ಎಟುಕೋದು ಕಷ್ಟ. ಅದು ಬೇರೆ ಸಂಕಟ.

ಯಾರಾದರೂ ತಂದುಕೊಟ್ಟರೆ ಅಂತ ಒಂದೆರಡು ಮಾತು. ಲೇಬಲ್ಲಿನಲ್ಲಿ ಬರೀ 'ಬೋಜೊಲೇ' ಅಂತಿದ್ದರೆ ಹಗುರ, ಬೇಗ ಕುಡಿಯುವಂಥದ್ದು. ಉತ್ತರದ ಗ್ರಾನೈಟ್ ಗುಡ್ಡದ ಹತ್ತು ಜಾಗಗಳು ಮಾತ್ರ ತಮ್ಮ ಹೆಸರನ್ನೇ ಹಾಕಿಕೊಳ್ಳುತ್ತವೆ. ಫ್ಲೂರಿ ಹೆಸರಿನ ಹಾಗೇ ಹೂವು. ಮೋರ್ಗೋಂ, ಮುಲಾಂ-ಆ-ವಾಂ ಸ್ವಲ್ಪ ಗಟ್ಟಿ, ಹತ್ತು ವರ್ಷ ಇಟ್ಟರೂ ತಡೆಯುವಂಥವು. 12ರಿಂದ 14 ಡಿಗ್ರಿ ತಂಪಿರಲಿ. ಹುರಿದ ಕೋಳಿ, ಅಣಬೆ, ಬೇಳೆ, ಮೆತ್ತನೆ ಚೀಸು, ಹೊಳೆಮೀನು ಕೂಡ ಆಗುತ್ತೆ. ಒಗರಿನ ಕೆಂಪು ವೈನಿನ ಜತೆ ಮೀನು ತಿಂದರೆ ಬಾಯಲ್ಲಿ ಕಬ್ಬಿಣದ ರುಚಿ ಬರೋದುಂಟು, ಇದರಲ್ಲಿ ಆ ತೊಂದರೆ ಕಡಿಮೆ. ನಮ್ಮ ಅಡುಗೆಗೆ? ನಾನು ಪ್ರಯತ್ನ ಮಾಡಿದ್ದರಲ್ಲಿ ಶೇಂಗಾ ಪುಡಿ ತುಂಬಿದ ಬದನೆಕಾಯಿ ಎಣ್ಣೆಗಾಯಿಗೆ ಚೆನ್ನಾಗಿ ಕೂತಿತು. ಹುಣಸೆಹುಳಿ ಜಾಸ್ತಿಯಿದ್ದರೆ ವೈನ್ ಸಪ್ಪೆಯಾಗುತ್ತೆ, ಖಾರ ಜಾಸ್ತಿಯಿದ್ದರೆ ಯಾವ ವೈನೂ ಉರಿಗೆ ಇನ್ನಷ್ಟು ಎಣ್ಣೆ ಸುರಿಯುತ್ತೆ, ಆಗ ಮಜ್ಜಿಗೆಯೇ ವಾಸಿ.

ಅಂದಹಾಗೆ, ಅವತ್ತು ಐಸ್ ಬಕೆಟ್ ಕೊನೆಗೂ ಬಂತು. ಮ್ಯಾನೇಜರೇ ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಕಬಾಬು ಖಾಲಿಯಾಗಿತ್ತು. ಲಿಯೋನಿನವರು ಇನ್ನೊಂದು ಪ್ಲೇಟ್ ಹೇಳಿ, ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಕೂತರು.